ಕಣ್ಣಿಗೆ ಬಿದ್ದ ಮಾತು

ರಬಕವಿಯವರು ಪರವೂರಿಗೆ ಹೋದರೆ ಎರಡು ಕಾರಣಕ್ಕೆ ಗುರುತು ಸಿಕ್ಕಿಬಿಡುತ್ತಾರೆ. ಒಂದು, ಜೋರಾಗಿ ಮಾತಾಡುತ್ತಾರೆ. ಜಮಖಂಡಿ ಬಸ್ಸಿನಲ್ಲಿ ನಮ್ಮವರಿಬ್ಬರು ಪ್ರೀತಿಯಿಂದ ಕುಶಲ ವಿಚಾರಿಸಿಕೊಂಡರೂ ಜಗಳ ಬಿಡಿಸಲು ಕಂಡಕ್ಟರ್ ಎದ್ದು ಬರುತ್ತಾನೆ. ಇನ್ನೊಂದು, ಎದುರಿಗಿದ್ದವರ ಕಣ್ಣು ಬಿಟ್ಟು ಬಾಯಿಯನ್ನೇ ನೋಡುತ್ತಾರೆ. ಹೊಸಬರು ತಮ್ಮ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಸಂಕೋಚಪಡುತ್ತಾರೆ.

ಎರಡಕ್ಕೂ ಕಾರಣ ಮಗ್ಗ. ಪಾವರ್‌ಲೂಮ್ ಕಾರ್ಖಾನೆ ಶುರುವಾಯಿತೆಂದರೆ ಪಕ್ಕದವನ ಕೂಗೂ ಕೇಳಿಸುವುದಿಲ್ಲ. ಕೇಳಿಸಲೇಬೇಕೆಂದರೆ ಅವನ ಕಿವಿಗೆ ಬಾಯಿ ಹಚ್ಚಿ ಒದರಬೇಕು. ಅದು ತುರ್ತಿಗೆ. ಚಹಾ ಬಂತು, ನೂಲು ಹರಿಯಿತು, ಮಾಲಕರು ಬಂದರು, ನಿನ್ನ ಹೆಂಡತಿ ತವರಿನಿಂದ ಬಂದಳೇನು ಎಂಬಂಥವಕ್ಕೆಲ್ಲ ಧ್ವನಿಯೇ ಬೇಕಿಲ್ಲ, ತುಟಿ ಆಡಿಸಿದರೆ ಸಾಕು. ಕಾರ್ಖಾನೆಯ ಆ ತುದಿಯಲ್ಲಿರುವವನು ನೋಡಿ ತಿಳಿದುಕೊಂಡು, ಹಾಗೇ ಉತ್ತರ ಕೊಡುತ್ತಾನೆ. ಇದಕ್ಕೆ ನಮ್ಮಲ್ಲಿ ಹೆಸರಿಲ್ಲ. ಎಲ್ಲರಿಗೂ ಬರುವ ವಿದ್ಯೆಗೆ ಯಾರೂ ಹೆಸರಿಡಲು ಹೋಗುವುದಿಲ್ಲ. ಬರೆಯುವ ಅನುಕೂಲಕ್ಕೆ ನಾನು ಇದನ್ನು ತುಟಿಮಾತು ಎನ್ನುತ್ತೇನೆ.

ಈಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಶೇವಂತಿಯ ಸಂಗತಿ ಹೇಳಬೇಕು. ನಾನು ಸೀರೆ ವ್ಯಾಪಾರದವನು. ನನ್ನ ಅಂಗಡಿ ವೀರಣ್ಣನ ಕಾರ್ಖಾನೆಯ ಎದುರಿಗೇ ಇದೆ. ಹಾಗಾಗಿ ಅರ್ಧದಷ್ಟು ಕಣ್ಣಾರೆ ಕಂಡದ್ದು, ಇನ್ನರ್ಧ ಅವಳ ಅತ್ತೆ ಗುರುಬಾಯಿ ಹೇಳಿದ್ದು. ಗುರುಬಾಯಿ ಹೇಳಿದ್ದರಲ್ಲಿ ಸ್ವಲ್ಪ ಕಡಿತ ಮಾಡಿಕೊಂಡಿದ್ದೇನೆ.

ಶೇವಂತಿ ಹುನ್ನೂರಿನವಳು. ನೇಕಾರರ ಮನೆತನವೇ, ಆದರೆ ಅವಳ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯವರೆಲ್ಲ ತನ್ನ ಮೇಲೆ ಸಿಟ್ಟಾಗಿ ಮಾತು ಬಿಟ್ಟಿದ್ದಾರೆಂದೇ ಅವಳು ತಿಳಿದಿದ್ದಳಂತೆ. ಅಂಗಳದಾಚೆಯ ಕೋಣೆಯಲ್ಲಿ ಎರಡು ಮಗ್ಗ. ಗಂಡ ರಾಜಕುಮಾರ ಅವುಗಳ ನಡುವೆ ನಿಂತು ಇವಳತ್ತ ತುಟಿ ಆಡಿಸುವುದು, ಇವಳು ಬೆಪ್ಪಾಗಿ ನಿಲ್ಲುವುದು, ಅವನು ಹಣೆ ಚಚ್ಚಿಕೊಳ್ಳುವುದು ದಿನವೂ ನಡೆಯುತ್ತಿತ್ತು. ಕೊನೆಗೆ ಗುರುಬಾಯಿ ಸೊಸೆಯನ್ನು ಕಂಡಿಕೆಗೆ ನೂಲು ಸುತ್ತುವ ರಾಟೆಯ ಮುಂದೆ ಕೂರಿಸಿಕೊಂಡು, "ಕಿವೀಲೆ ಕೇಳಬ್ಯಾಡ, ಕಣ್ಣೀಲೆ ಕೇಳು," ಎಂದು ಪಾಠ ಶುರು ಮಾಡಿದಳು. ಶೇವಂತಿ ಚುರುಕು. ಮೊದಲ ದೀಪಾವಳಿಯ ಹೊತ್ತಿಗೆ ಅತ್ತೆಯ ಮೇಲೆಯೇ ಗಂಡನ ಹತ್ತಿರ ತುಟಿಮಾತಿನಲ್ಲಿ ಚಾಡಿ ಹೇಳುವಷ್ಟು ಕಲಿತಳು. ಅತ್ತೆ ಅದನ್ನೂ ಓದಿದಳು ಎನ್ನುವುದು ಬೇರೆ ಮಾತು.

ಮುಂದೆ ಅವಳು ಆಶಾ ಕಾರ್ಯಕರ್ತೆಯಾದಾಗ ತರಬೇತಿ ಜಮಖಂಡಿಯಲ್ಲಿ ನಡೆಯಿತು. ಬನಹಟ್ಟಿಯ ಮಂಗಲಾ ಎಂಬವಳೂ ಬಂದಿದ್ದಳು. ಅವಳೂ ಮಗ್ಗದ ಮನೆಯವಳು. ಇಬ್ಬರೂ ದೂರ ದೂರ ಕೂತು, ಪಾಠ ಹೇಳುವವರ ಮುಂದೆಯೇ ಪಾಠ ಹೇಳುವವರ ಬಗ್ಗೆ ದಿನವಿಡೀ ಹರಟಿದರು. ಮುಧೋಳ, ಬೀಳಗಿ ಕಡೆಯ ಹೆಂಗಸರು ಪಕ್ಕದಲ್ಲೇ ಇದ್ದರೂ ಅವರಿಗೆ ಏನೊಂದೂ ತಿಳಿಯಲಿಲ್ಲ. ಅಲ್ಲಿಂದ ಶೇವಂತಿಗೆ ಒಂದು ರೂಢಿ ಬಿತ್ತು. ಆಸ್ಪತ್ರೆಯಲ್ಲಿ, ಮೀಟಿಂಗಿನಲ್ಲಿ, ಸಾಹೇಬರ ಎದುರಿನಲ್ಲಿ ಗುಟ್ಟಾಗಿ ಹೇಳಬೇಕಾದ್ದನ್ನು ಸದ್ದಿಲ್ಲದೆ ಹೇಳುವುದು. ಸದ್ದಿಲ್ಲದ್ದು ಗುಟ್ಟು ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಹುಟ್ಟಾ ರಬಕವಿಯವಳಾಗಿದ್ದರೆ ಹಾಗೆ ಕೂರುತ್ತಿರಲಿಲ್ಲವೇನೋ.

ಕೆಲ ವರ್ಷಗಳ ಹಿಂದೆ ಕಾರ್ಖಾನೆಗಳಲ್ಲಿ ಟಿ.ಬಿ. ಹುಡುಕುವ ಕೆಲಸ ಬಂತು. ಊರ ಆರೋಗ್ಯ ಕೇಂದ್ರಕ್ಕೆ ಮುಧೋಳದ ಕಡೆಯ ಅಕ್ಷತಾ ಎಂಬ ಡಾಕ್ಟರು ಬಂದಿದ್ದರು. ವಯಸ್ಸು ಸಣ್ಣದು, ಕೆಲಸದಲ್ಲಿ ಶ್ರದ್ಧೆ ಇತ್ತು. ಅವರು ಮೊದಲು ಎಲ್ಲರಿಗೂ ಮಾಸ್ಕ್ ಹಂಚಿಸಿದರು. ನೇಕಾರರು ಮರ್ಯಾದೆಗೆ ಹಾಕಿಕೊಂಡರು. ಹಾಕಿಕೊಂಡೊಡನೆ ಇಡೀ ಕಾರ್ಖಾನೆ ಮೂಕವಾಯಿತು. ಬಾಯಿ ಮುಚ್ಚಿದರೆ ಮಾತು ಕಾಣುವುದೆಲ್ಲಿಂದ? ಮಧ್ಯಾಹ್ನದೊಳಗೆ ಎಲ್ಲರ ಮಾಸ್ಕೂ ಕೊರಳಿಗೆ ಇಳಿದಿತ್ತು. ಆಮೇಲೆ ಕಿಟಕಿ ತೆರೆದಿಡಿ ಎಂದರು. ಒಣಗಾಳಿ ಬಡಿದರೆ ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿಯುತ್ತವೆ, ಹರಿದ ಎಳೆ ಗಂಟು ಹಾಕುತ್ತ ಕೂತರೆ ಸೀರೆ ಇಳಿಯುವುದಿಲ್ಲ. ಡಾಕ್ಟರ ಜೀಪು ತಿರುವು ದಾಟುವ ಮೊದಲೇ ಕಿಟಕಿಗಳು ಮುಚ್ಚಿಕೊಂಡವು. ಯಾರದೂ ತಪ್ಪೆಂದು ನಾನು ಹೇಳಲಾರೆ.

ಶೇವಂತಿ ತನ್ನದೇ ದಾರಿ ಹಿಡಿದಳು. ಕರೆಂಟ್ ಹೋದಾಗ ಕಾರ್ಖಾನೆ ಸುಮ್ಮನಾಗುತ್ತದೆ, ಜನ ಹೊರಗಿನ ಕಟ್ಟೆಗೆ ಬಂದು ಬೀಡಿ ಹಚ್ಚುತ್ತಾರೆ. ಆ ಹೊತ್ತಿಗೆ ಇವಳು ಚೀಲ ಹೆಗಲಿಗೇರಿಸಿ ಓಡುತ್ತಿದ್ದಳು. ಊರಿನಲ್ಲಿ ಕರೆಂಟ್ ಹೋದರೆ ಖುಷಿಪಡುವ ಹೆಂಗಸು ನೀನೊಬ್ಬಳೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಎರಡು ವಾರ ಮೀರಿದ ಕೆಮ್ಮಿದೆಯೇ, ಸಂಜೆ ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ ಎಂದು ಕೇಳುವಳು. ಕೆಲವರು ಹೇಳುವರು. ಹೆಚ್ಚಿನವರು ಬೀಡಿಯ ಹೊಗೆ ಬಿಟ್ಟು ನಗುವರು.

ವೀರಣ್ಣನ ಕಾರ್ಖಾನೆಯಲ್ಲಿ ಚನಮಲ್ಲಪ್ಪ ಎಂಬ ಹಿರಿಯ ನೇಕಾರನಿದ್ದಾನೆ. ಬಾಗಿಲ ಹತ್ತಿರದ ಮಗ್ಗ ಅವನದು. ಮಗ್ಗದ ಮಾಲಕ ವೀರಣ್ಣನೇ, ಆದರೆ ಅದಕ್ಕೆ ಚನಮಲ್ಲಪ್ಪನ ಮಗ್ಗ ಎಂದೇ ಹೆಸರು. ಕಾರ್ಖಾನೆಯ ಮಾತುಗಾರ ಅವನು. ಯಾರ ಮನೆಯ ಸುದ್ದಿಯನ್ನಾದರೂ ಉಪ್ಪುಖಾರ ಹಚ್ಚಿ ತುಟಿಯಲ್ಲಿ ಆಡಿ ತೋರಿಸಿದರೆ, ಆ ತುದಿಯವರು ನಗುತ್ತ ಲಾಳಿ ತಪ್ಪಿಸಿಬಿಡುತ್ತಿದ್ದರು. ಅವನಿಗೆ ಕೆಮ್ಮು ಹತ್ತಿ ಬಹಳ ದಿನವಾಗಿತ್ತು. ಅಂಗಿ ಜೋಲುತ್ತಿತ್ತು.

ಶೇವಂತಿ ಅವನ ಬೆನ್ನು ಬಿಡಲಿಲ್ಲ. ಕಡೆಗೊಂದು ದಿನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ಕೇಳಿದಳು.

"ನನಗೇನ ಆಗೇತಿ? ನೂಲಿನ ಧೂಳಾ ಅದು," ಎಂದ ಚನಮಲ್ಲಪ್ಪ.

"ಧೂಳಾ ಇದ್ರ ಛಲೋನ ಆತಲ್ಲ ಕಾಕಾ. ಕಫಾ ಕೊಡ್ರಿ, ನೋಡೂಣು."

"ಕೊಡತೇನಿ. ಖರೆ ಯಾರಿಗೂ ಗೊತ್ತಾಗಬಾರದ ನೋಡು. ಗೊತ್ತಾತಂದ್ರ ವೀರಣ್ಣ ನನ್ನ ಮಗ್ಗಾ ಬ್ಯಾರೇದವಗ ಕೊಡತಾನ. ಆ ಮಗ್ಗಾ ಬಿಟ್ರ ನಾ ಯಾರ?"

"ನನ್ನ ಬಾಯಾಗಿಂದ ಒಂದ ಸೊಲ್ಲ ಹೊರಗ ಬರೂದಿಲ್ಲ ಕಾಕಾ. ಆಣಿ."

ಅವನು ಕಫ ಕೊಟ್ಟ. ಪರೀಕ್ಷೆಗೆ ಹೋಯಿತು.

ಮಗ್ಗಗಳಿಗೆ ರಜೆಯಿದ್ದ ದಿನ ಸಮುದಾಯ ಭವನದಲ್ಲಿ ಸಭೆ ಇಟ್ಟಿದ್ದರು. ಅಕ್ಷತಾ ಡಾಕ್ಟರು ಟಿ.ಬಿ. ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಹೇಳುತ್ತಿದ್ದರು. ಜನ ಚೆನ್ನಾಗಿಯೇ ಸೇರಿದ್ದರು, ಉಪ್ಪಿಟ್ಟು ಇದೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಶೇವಂತಿ ವೇದಿಕೆಯ ಮೇಲೆ ಡಾಕ್ಟರ ಪಕ್ಕ ನಿಂತಿದ್ದಳು. ಚನಮಲ್ಲಪ್ಪನ ವರದಿ ಆ ಬೆಳಿಗ್ಗೆಯೇ ಅವಳ ಕೈಸೇರಿತ್ತು. ಸಭೆ ಮುಗಿಸಿ ಅವನ ಮನೆಗೆ ಹೋಗಿ ಹೇಳುವುದೆಂದು ಮನಸ್ಸಿನಲ್ಲಿತ್ತು.

ಹೆಂಗಸರ ಕಡೆಯ ಹಿಂದಿನ ಸಾಲಿನಲ್ಲಿ ಚನಮಲ್ಲಪ್ಪನ ಹೆಂಡತಿ ಶಿವವ್ವ ಕೂತಿದ್ದಳು. ಪಾಪ, ಅವಳಿಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ತುಟಿ ಆಡಿಸಿ, "ಬಂತೇನ?" ಎಂದಳು.

ಶೇವಂತಿ ಡಾಕ್ಟರತ್ತ ಒಮ್ಮೆ ನೋಡಿದಳು. ಅವರು ಮಾತಿನಲ್ಲಿದ್ದರು. ಇವಳೂ ತುಟಿಯಲ್ಲೇ, ಹಿಂದಿನ ಸಾಲಿಗೆ ಸ್ಪಷ್ಟವಾಗಿ ಕಾಣಲೆಂದು ನಿಧಾನವಾಗಿ ಹೇಳಿದಳು: "ಬಂತ್ರಿ ಕಾಕಿ. ಕಾಕಾಗ ಟಿ.ಬಿ. ಐತಿ. ಅಂಜಬ್ಯಾಡ್ರಿ, ಗುಳಿಗಿ ಅದಾವ, ಆರಾಮ ಆಗತೈತಿ."

ಸಭೆಯ ಜನರೆಲ್ಲ ವೇದಿಕೆಯತ್ತಲೇ ನೋಡುತ್ತಿದ್ದರು. ಅವರೆಲ್ಲರೂ ಮಗ್ಗದ ಜನ. ಮುಂದಿನ ಸಾಲಿನ ತಲೆಗಳು ಒಟ್ಟಿಗೇ ಹಿಂದಕ್ಕೆ ತಿರುಗಿದವು, ಆಮೇಲೆ ಅದರ ಹಿಂದಿನ ಸಾಲಿನವು, ಆಮೇಲೆ ಗಂಡಸರ ಕಡೆಯವು. ಡಾಕ್ಟರು ಬಾಗಿಲಲ್ಲಿ ಯಾರೋ ದೊಡ್ಡವರು ಬಂದರೆಂದು ತಾವೂ ಅತ್ತ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗಂಡಸರ ನಡುವೆ ಕೂತಿದ್ದ ಚನಮಲ್ಲಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋದ. ತನಗೆ ರೋಗ ಇದೆಯೆಂದು ಅವನಿಗೆ ತಿಳಿದದ್ದೂ ಹಾಗೆಯೇ, ಊರಿನ ಜೊತೆಗೇ. ನಾನು ಅಲ್ಲೇ ಇದ್ದೆ. ನಾನೂ ಓದಿದೆ.

ಆ ಸಭೆಯಲ್ಲಿ ಉಪ್ಪಿಟ್ಟು ಉಳಿಯಿತು.

ಮರುದಿನ ಬೆಳಿಗ್ಗೆ ವೀರಣ್ಣ ಹೇಳಿಕಳಿಸಿದ, ಆರಾಮ ಆಗುವ ತನಕ ಬರುವುದು ಬೇಡ ಎಂದು. ಬಾಗಿಲ ಹತ್ತಿರದ ಮಗ್ಗಕ್ಕೆ ಬೇರೆಯವನು ನಿಂತ. ಚನಮಲ್ಲಪ್ಪ ಹೋಗಿ ಬಾಗಿಲಲ್ಲಿ ನಿಂತು ಒಳಗಿನವರನ್ನು ಮಾತಾಡಿಸಲು ನೋಡಿದನಂತೆ. ಯಾರೂ ತಲೆ ಎತ್ತಲಿಲ್ಲ. ಕಾರ್ಖಾನೆಯಲ್ಲಿ ಒಬ್ಬನನ್ನು ದೂರ ಮಾಡುವುದಕ್ಕೆ ಬೈಯಬೇಕಿಲ್ಲ, ಅವನ ಬಾಯಿ ನೋಡದಿದ್ದರೆ ಆಯಿತು. ಅವನು ಎಷ್ಟು ಮಾತಾಡಿದರೂ ಮೂಕನೇ. ಊರಿನ ದೊಡ್ಡ ಮಾತುಗಾರ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಗುಳಿಗೆ ತೆಗೆದುಕೊಂಡು ಹೋದ ಶೇವಂತಿಗೆ ಅವನು ಮುಖ ತೋರಿಸಲಿಲ್ಲ. ಶಿವವ್ವ ಹೊಸ್ತಿಲಲ್ಲೇ ನಿಂತು, "ಹೋಗವ್ವಾ, ನಿನ್ನ ಉಪಕಾರ ಭಾಳ ಆತು," ಎಂದಳು. ಗೋಡೆಗೆ ಮುಖ ಮಾಡಿದವನು ಒಂದೇ ಮಾತು ಆಡಿದ:

"ಮಗ್ಗಾನ ಹೋದ ಮ್ಯಾಲ ಗುಳಿಗಿ ನುಂಗಿ ಏನ ಮಾಡ್ಲಿ?"

ಶೇವಂತಿ ಮನೆಗೆ ಬಂದು ಅತ್ತಳು. ಗುರುಬಾಯಿ ಸಮಾಧಾನ ಮಾಡುವ ಜಾತಿಯಲ್ಲ. "ಹುನ್ನೂರದಾಗ ನಡೀತಿತ್ತ ಅದು. ಇಲ್ಲಿ ತುಟಿ ಆಡಿಸೂದಂದ್ರ ಡಂಗುರಾ ಹೊಡದಂಗ. ನಾನ ಕಲಿಸೇನಿ ನಿನಗ, ಅಷ್ಟೂ ತಿಳೀಲಿಲ್ಲಾ?" ಎಂದಳು. ಸೊಸೆಯ ಅಳು ನಿಲ್ಲುವ ತನಕ ಪಕ್ಕದಲ್ಲಿ ಕೂತಿದ್ದಳು, ಅದನ್ನೂ ಹೇಳಬೇಕು.

ಮರುದಿನ ಶೇವಂತಿ ತಾನಾಗಿ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರ ಇಡೀ ಸಭಾಕ್ಕ ಗೊತ್ತಾತು, ನನಗೊಬ್ಬಾಕಿಗೆ ಗೊತ್ತಾಗಲಿಲ್ಲ?"

"ಹೌದ್ರಿ ಮೇಡಂ."

ಡಾಕ್ಟರು ಬೈದರು. ಚೆನ್ನಾಗಿಯೇ ಬೈದರು, ಬೈಯಬೇಕಾದ್ದೇ. ಒಬ್ಬ ರೋಗಿಯ ಮಾತು ಹೀಗೆ ಬಯಲಾದರೆ ನಾಳೆ ಯಾರೂ ಕೆಮ್ಮು ಇದೆ ಅನ್ನುವುದಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಬೈದದ್ದ ಆತು. ಈಗ ಅವರ ಹೊಟ್ಟೀಗೆ ಗುಳಿಗಿ ಹೋಗಬೇಕು. ಹೆಂಗ ಮಾಡೂದ ಹೇಳ್ರಿ," ಎಂದರು.

ಗಂಟು ಎಲ್ಲಿದೆ ಎಂಬುದು ಕಣ್ಣಿಗೆ ಕಾಣುವಂತಿತ್ತು. ಮಗ್ಗ ಸಿಗದೆ ಅವನು ಗುಳಿಗೆ ನುಂಗುವುದಿಲ್ಲ, ಗುಳಿಗೆ ನುಂಗಿ ಗುಣವಾಗದೆ ವೀರಣ್ಣ ಮಗ್ಗ ಕೊಡುವುದಿಲ್ಲ. ಡಾಕ್ಟರು ದಾರಿ ಹೇಳಿದರು: ನುಂಗಲು ಶುರು ಮಾಡಿದ ಕೆಲ ವಾರಗಳಲ್ಲೇ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವ ಅಂಜಿಕೆ ಕಡಿಮೆಯಾಗುತ್ತದೆ, ಕಫ ನೋಡಿ ನಾನೇ ಹೇಳುತ್ತೇನೆ, ಅಲ್ಲಿಯ ತನಕ ಮಗ್ಗ ಅವರ ಹೆಸರಿನಲ್ಲಿಯೇ ಇರಲಿ ಎಂದು ಮಾಲಕರನ್ನು ಒಪ್ಪಿಸಿ. ತಾವೂ ಬರುವುದಾಗಿ ಹೇಳಿದರು. ಶೇವಂತಿ ಬೇಡವೆಂದಳು. ಕೆಡಿಸಿದವಳು ತಾನು.

ಕರೆಂಟ್ ಹೋಗುವುದನ್ನೇ ಕಾದು ಅವಳು ವೀರಣ್ಣನ ಕಾರ್ಖಾನೆಗೆ ಬಂದಳು. ಹಿಂದೆಯೇ, ಕರೆಯದಿದ್ದರೂ, ಶಿವವ್ವ ಬಂದಳು. ನಾನು ಅಂಗಡಿಯ ಗಾದಿ ಬಿಟ್ಟು ಬಾಗಿಲಿಗೆ ಬಂದೆ. ವ್ಯಾಪಾರ ಹೇಗೂ ಇರಲಿಲ್ಲ.

ಶೇವಂತಿ ಕಟ್ಟೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಧ್ವನಿ ತೆಗೆದು ಹೇಳಿದಳು. ತಪ್ಪು ತನ್ನದು, ಶಿಕ್ಷೆ ಕಾಕಾನಿಗೆ ಆಗಿದೆ, ಮಗ್ಗ ಅವರಿಗಾಗಿ ಉಳಿಸಿಡಿ ಎಂದಳು.

"ನಾ ಏನ ಕೆಟ್ಟಾಂವಲ್ಲವಾ," ಎಂದ ವೀರಣ್ಣ. ಕೆಟ್ಟವನಲ್ಲ, ನಿಜ. "ಅವನ ಸಲುವಾಗಿ ಉಳದ ಮಂದಿ ಬಿಟ್ಟ ಹೋದ್ರ ಕಾರ್ಖಾನಿ ನಡಸಾವರ ಯಾರ?"

"ನಾವಂತೂ ಅವನ ಸನೇಕ ನಿಂದ್ರೂದಿಲ್ರೀ," ಎಂದ ಬಾಳು. ಚನಮಲ್ಲಪ್ಪನ ಪಕ್ಕದ ಮಗ್ಗದವನು, ಅವನ ಜೋಕಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು.

ಶಿವವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿಂದ್ರೂದಿಲ್ಲಾ? ಇಷ್ಟ ವರ್ಷ ಅವನ ಕಿವಿಗೆ ಬಾಯಿ ಹಚ್ಚಿ ಒದರಿದಾವರ ಯಾರೋ? ಅಂವ ನಿಮಗ ಕೊಟ್ಟಾನೋ, ನೀವ ಅವಗ ಕೊಟ್ಟೀರೋ, ಯಾರಿಗ ಗೊತ್ತ? ಮೊದಲ ನಿಮ್ಮ ಕಫಾ ಕೊಡ್ರಿ. ಆಮ್ಯಾಲ ನನ್ನ ಗಂಡನ ಮಾತ ಆಡ್ರಿ."

ಕಟ್ಟೆಯ ಮೇಲಿದ್ದ ಒಬ್ಬಿಬ್ಬರು ತಮ್ಮ ಕೆಮ್ಮನ್ನು ನುಂಗಿಕೊಂಡದ್ದು ನನಗೆ ಕಾಣಿಸಿತು. ಡಾಕ್ಟರ ಭಾಷಣದಿಂದ ಆಗದ್ದು, ಶೇವಂತಿಯ ಓಡಾಟದಿಂದ ಆಗದ್ದು ಆ ಮಾತಿನಿಂದ ಆಯಿತು. ಅದನ್ನು ತಿಳುವಳಿಕೆ ಎನ್ನಲು ನನಗೆ ಮನಸ್ಸು ಬಾರದು. ಅದು ಅಂಜಿಕೆ. ಆದರೆ ಕಫದ ಡಬ್ಬಿಗೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಕೊಡುತ್ತೇವೆ ಎಂದರು, ಒಂದು ಷರತ್ತಿನ ಮೇಲೆ. ಯಾರ ಫಲಿತಾಂಶವನ್ನೂ ಸಭೆಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಧ್ವನಿಯಲ್ಲಾಗಲಿ, ತುಟಿಯಲ್ಲಾಗಲಿ ಆಡಬಾರದು. ಅವರವರ ಮನೆಯಲ್ಲಿ, ಬಾಗಿಲು ಹಾಕಿ ಹೇಳಬೇಕು. ಡಾಕ್ಟರು ಅದನ್ನೇ ಆರೋಗ್ಯ ಕೇಂದ್ರದ ನಿಯಮ ಮಾಡಿದರು. ಕಫ ಕೊಡಲು ಕೇಂದ್ರಕ್ಕೆ ಹೋಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳುವ ಬದಲು, ಶೇವಂತಿಯೇ ಬೆಳಿಗ್ಗೆ ಮನೆಗೆ ಹೋಗಿ ಡಬ್ಬಿ ತರುವಂತಾಯಿತು. ಗಾಳಿಯ ವಿಷಯಕ್ಕೆ ಕಟ್ಟೆಯ ಮೇಲೆ ಬಹಳ ದಿನ ವಾದ ನಡೆದು, ಕಡೆಗೆ ಚಾವಣಿಯ ತಗಡಿನ ಕೆಳಗೆ, ಹಾಸಿನ ಎಳೆಗಳಿಗೆ ಗಾಳಿ ನೇರ ತಾಗದಷ್ಟು ಮೇಲೆ, ವೀರಣ್ಣ ಗೋಡೆ ಒಡೆಸಿ ಜಾಲರಿ ಹಾಕಿಸಿದ. ಅದನ್ನು ಮೊದಲು ಹೇಳಿದ್ದು ತಾನೇ ಎಂದು ಈಗ ನಾಲ್ಕು ಜನ ಹೇಳುತ್ತಾರೆ. ಮಗ್ಗ ಚನಮಲ್ಲಪ್ಪನಿಗೇ ಎಂದು ವೀರಣ್ಣ ಎಲ್ಲರೆದುರು ಒಪ್ಪಿದ.

ಕಾರ್ಖಾನೆಯಲ್ಲಿ ಇನ್ನೂ ಒಬ್ಬನಿಗೆ ರೋಗ ಸಿಕ್ಕಿತಂತೆ. ಯಾರಿಗೆಂದು ನನಗೆ ಗೊತ್ತಿಲ್ಲ, ಕಾರ್ಖಾನೆಗೂ ಗೊತ್ತಿಲ್ಲ. ಎದುರಿಗೇ ಅಂಗಡಿ ಇಟ್ಟುಕೊಂಡ ನನ್ನಂಥವನಿಗೂ ಗೊತ್ತಾಗದಂತೆ ನೋಡಿಕೊಂಡದ್ದು ಸಣ್ಣ ಕೆಲಸವಲ್ಲ.

ಮಗ್ಗ ಉಳಿಯುತ್ತದೆಂಬ ಮಾತು ಸಿಕ್ಕ ದಿನವೇ ಚನಮಲ್ಲಪ್ಪ ಗುಳಿಗೆ ನುಂಗಿದ. ಆದರೆ ಶೇವಂತಿಯ ಕೈಯಿಂದಲ್ಲ. ಅವಳು ತಂದು ಶಿವವ್ವನಿಗೆ ಕೊಡಬೇಕು, ಶಿವವ್ವ ಅವನಿಗೆ ಕೊಡಬೇಕು, ಇವಳು ಹೊಸ್ತಿಲಲ್ಲಿ ನಿಂತು ಅವನ ಬೆನ್ನು ನೋಡಿ ಹೋಗಬೇಕು. ಡಾಕ್ಟರು ಹೂಂ ಎಂದ ಮೇಲೆ ಅವನು ಮಗ್ಗಕ್ಕೆ ಮರಳಿದ. ಮೊದಮೊದಲು ಯಾರೂ ಅವನ ಬಾಯಿ ನೋಡಲಿಲ್ಲ. ಒಂದು ದಿನ ಬಾಳು ತಡೆಯಲಾರದೆ ನೋಡಿದ, ನಕ್ಕ, ಲಾಳಿ ತಪ್ಪಿಸಿದ. ಆಮೇಲೆ ಎಲ್ಲರೂ ನೋಡಿದರು.

ಶೇವಂತಿ ಬಂದಾಗ ಮಾತ್ರ ಚನಮಲ್ಲಪ್ಪ ಬೆನ್ನು ತಿರುಗಿಸುತ್ತಿದ್ದ. ಮಗ್ಗದ ಸದ್ದಿನಲ್ಲಿ ಬೆನ್ನು ತಿರುಗಿಸುವುದೆಂದರೆ ಬಾಗಿಲು ಹಾಕಿ ಅಗಳಿ ಜಡಿದಂತೆ. ಕೂಗಿದರೆ ಕೇಳಿಸದು, ಆಡಿದರೆ ಕಾಣಿಸದು. ಅವಳು ಸುಮ್ಮನೆ ಒಂದಿಷ್ಟು ಹೊತ್ತು ನಿಂತು ಹೋಗುತ್ತಿದ್ದಳು. ಗುಳಿಗೆಯ ಆರು ತಿಂಗಳು ಮುಗಿದವು, ಕಫದಲ್ಲಿ ಏನೂ ಸಿಗಲಿಲ್ಲ, ರೋಗ ಗೆದ್ದವರೆಂದು ಶಾಲು ಹೊದಿಸುತ್ತೇವೆ ಎಂದು ಆರೋಗ್ಯ ಕೇಂದ್ರದವರು ಕರೆದರು. ಶಾಲು ಬೇಕಾದರೆ ನಾನೇ ನೇಯ್ದುಕೊಳ್ಳುತ್ತೇನೆ ಎಂದು ಹೇಳಿಕಳಿಸಿ ಅವನು ಹೋಗಲಿಲ್ಲ. ಶೇವಂತಿಯ ಮಟ್ಟಿಗೆ ಬೆನ್ನು ಬೆನ್ನಾಗಿಯೇ ಉಳಿಯಿತು. ಅವಳಿಗೆ ಅದು ಎಷ್ಟು ಚುಚ್ಚುತ್ತಿತ್ತೆಂದು, ಕಾರ್ಖಾನೆಯಿಂದ ಹೊರಬಂದು ನನ್ನ ಅಂಗಡಿಯಲ್ಲಿ ನೀರು ಕೇಳಿ ಕುಡಿಯುವಾಗ ಗೊತ್ತಾಗುತ್ತಿತ್ತು.

ಕಳೆದ ಮುಂಗಾರಿನ ಮೊದಲಲ್ಲಿ ಒಂದು ಮಧ್ಯಾಹ್ನ, ವೀರಣ್ಣನಲ್ಲಿ ಸೀರೆಯ ಮಾದರಿ ನೋಡಲೆಂದು ನಾನು ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದೆ. ಮಗ್ಗಗಳೆಲ್ಲ ನಡೆದಿದ್ದವು. ಶೇವಂತಿ ಬಂದು ನನ್ನ ಮುಂದೆ ನಿಂತಳು. ಚನಮಲ್ಲಪ್ಪ ಎಂದಿನಂತೆ ಬೆನ್ನು ತಿರುಗಿಸಿದ. ಅವಳು ಹೊರಡಲು ಕಾಲು ತೆಗೆದಳು.

ಆಗ ಅವನು ಮಗ್ಗ ನಿಲ್ಲಿಸಿ ಇತ್ತ ತಿರುಗಿದ. ಹೆಗಲ ಟವೆಲ್ಲಿನ ತುದಿ ಎತ್ತಿ, ಕಾರ್ಖಾನೆಯ ಕಡೆಗೆ ಬಾಯಿಗೆ ಮರೆ ಹಿಡಿದ. ಬಾಗಿಲ ಕಡೆಯವರಿಗೆ ಬಿಟ್ಟು ಇನ್ನಾರಿಗೂ ಅವನ ತುಟಿ ಕಾಣುವಂತಿರಲಿಲ್ಲ. ಮೊದಲು ಒಂದು ಹೆಸರು ಹೇಳಿದ. ಆಮೇಲೆ, "ಅವನ ಕೆಮ್ಮ ನಿಂತಿಲ್ಲ. ಸಂಜಿಕ ಜ್ವರಾನೂ ಬರ್ತಾವ. ಈ ಸಲಾ ಹೊರಗ ಕರದ ಹೇಳು," ಎಂದ.

ಶೇವಂತಿ ತಲೆಯಾಡಿಸಿದಳು. ತುಟಿ ಆಡಿಸಲಿಲ್ಲ. ಅವನು ಟವೆಲ್ ಇಳಿಸಿ ಮಗ್ಗ ಶುರು ಮಾಡಿದ.

ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. ನನ್ನ ಅಂಗಡಿಯಲ್ಲಿ ನೀರು ಕುಡಿದಳು.

"ಏನಂದಾ ಚನಮಲ್ಲಪ್ಪ?" ಎಂದು ಕೇಳಿದೆ.

"ಏನಿಲ್ರಿ ಸಾವಕಾರ್ರ," ಎಂದಳು ಶೇವಂತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಮಳಿ ಬರೂಹಂಗ ಐತಿ ಅಂದ್ರು."

ಹೆಸರು ನನಗೂ ಕಾಣಿಸಿತ್ತು. ಕತ್ತೆತ್ತಿ ಮೋಡ ನೋಡಿ, "ಹೌದವಾ, ಬರೂಹಂಗ ಐತಿ," ಎಂದೆ.